ಬಂಧ ಮುರಿದರೆ ಶಕ್ತಿ ಬರಲ್ಲ ಸ್ವಾಮಿ!

"ಎಟಿಪಿಯಲ್ಲಿ ಹೈ ಎನರ್ಜಿ ಬಾಂಡ್ ಇರುತ್ತದೆ. ಆ ಬಾಂಡ್ ಒಡೆದಾಗ ಶಕ್ತಿ ಬಿಡುಗಡೆಯಾಗುತ್ತದೆ."

ಪಿಯುಸಿಯಲ್ಲಿ ಬಯಾಲಜಿ ಓದಿದವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಈ ಎರಡು ವಾಕ್ಯ ಹೇಳ್ತಾರೆ. ಗೈಡುಗಳಲ್ಲಿ ಇದೆ, ಜೆರಾಕ್ಸ್ ನೋಟ್ಸಿನಲ್ಲಿ ಇದೆ, ಟ್ಯೂಷನ್ ಕ್ಲಾಸಿನ ಬೋರ್ಡಿನ ಮೇಲೆ ಇದೆ. ಬರೆದರೆ ಮಾರ್ಕ್ಸೂ ಸಿಗುತ್ತೆ.

ನನ್ನ ತಕರಾರು ಏನಪ್ಪಾ ಅಂದ್ರೆ, ಎರಡನೇ ವಾಕ್ಯ ತಪ್ಪು. ಚೂರುಪಾರು ತಪ್ಪಲ್ಲ, ಪೂರ್ತಿ ತಲೆಕೆಳಗು! ಯಾವ ರಾಸಾಯನಿಕ ಬಂಧವನ್ನು ಮುರಿದರೂ ಶಕ್ತಿ ಬರಲ್ಲ. ಮುರಿಯೋದಕ್ಕೆ ನಾವೇ ಕೈಯಿಂದ ಶಕ್ತಿ ಹಾಕಬೇಕು. ಶಕ್ತಿ ಹೊರಗೆ ಬರೋದು ಬಂಧ ಕೂಡುವಾಗ. ಇದು ಕೆಮಿಸ್ಟ್ರಿಯ ಮೊದಲ ಪಾಠ. ಇದನ್ನೇ ಉಲ್ಟಾ ಮಾಡಿ ಜೀವಶಾಸ್ತ್ರದ ಮಕ್ಕಳ ತಲೆಗೆ ತುಂಬಿ, ಆಮೇಲೆ "ಈ ಹುಡುಗರಿಗೆ ಕೆಮಿಸ್ಟ್ರಿ ಹತ್ತೋದಿಲ್ಲ" ಅಂತ ಬೈಯ್ತೀವಿ. ಹತ್ತೋದು ಹೇಗೆ?

ನಾನು ಬೆಳಗಾವಿಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆಯಿಂದಲೂ ಮಕ್ಕಳು ಬರ್ತಾರೆ. ಮನೆಯಲ್ಲಿ ಮರಾಠಿ ಅಥವಾ ಕೊಂಕಣಿ, ಶಾಲೆಯಲ್ಲಿ ಮರಾಠಿ ಇಲ್ಲವೇ ಕನ್ನಡ, ಪಿಯುಸಿಗೆ ಬಂದಕೂಡಲೇ ಇಂಗ್ಲಿಷು. ಅದರ ಮೇಲೆ ಈ ತಲೆಕೆಳಗಿನ ಪಾಠ ಬೇರೆ. ಬಹಳ ದಿನದಿಂದ ಬರೀಬೇಕು ಅಂತಿದ್ದೆ, ಇವತ್ತು ಬರೆದುಬಿಡ್ತೀನಿ. ಸ್ವಲ್ಪ ಉದ್ದ ಆಗುತ್ತೆ, ಒಂದು ಕಪ್ ಚಹಾ ಇಟ್ಕೊಂಡು ಕೂತ್ಕೊಳ್ಳಿ :)

*

ಮೊದಲು ಪುರಾವೆ. ಅದಕ್ಕೆ ಲ್ಯಾಬ್ ಬೇಡ, ಕಣಕುಂಬಿ ಸಾಕು.

ಕಣಕುಂಬಿ ಹೆಸರು ಕಳಸಾ-ಬಂಡೂರಿ ಗಲಾಟೆಯಲ್ಲಿ ನೀವೆಲ್ಲ ಕೇಳಿರ್ತೀರಿ. ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿಗೆ ಹೋಗುವ ದಾರಿಯಲ್ಲಿ, ಗೋವಾ ಗಡಿಯ ಹತ್ತಿರ, ಸಮುದ್ರ ಮಟ್ಟಕ್ಕಿಂತ ಸುಮಾರು 790 ಮೀಟರ್ ಎತ್ತರದಲ್ಲಿರುವ ಊರು. ಮಲಪ್ರಭೆ ಹುಟ್ಟೋದು ಇಲ್ಲೇ. ಇಲ್ಲಿಂದ ಹರಿದು, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರ್ತಾಳೆ. ನೀರಿನ ರಾಜಕೀಯ ಈ ಬರಹಕ್ಕೆ ಬೇಡ. ನನಗೆ ಬೇಕಾಗಿರೋದು ಅಲ್ಲಿಯ ಮಳೆ.

ನೀರಿನ ಒಂದು ಅಣುವಿನಲ್ಲಿ ಒಂದು ಆಮ್ಲಜನಕ, ಎರಡು ಜಲಜನಕ ಪರಮಾಣು. ಈ ಮೂರನ್ನು ಹಿಡಿದಿರೋದು ಗಟ್ಟಿಯಾದ ಕೋವೇಲೆಂಟ್ ಬಂಧ. ಇಬ್ಬರೂ ಎಲೆಕ್ಟ್ರಾನನ್ನು ಹಂಚಿಕೊಂಡಿರ್ತಾರೆ, ಆದರೆ ಹಂಚಿಕೆ ಸಮ ಅಲ್ಲ. ಆಮ್ಲಜನಕ ತನ್ನ ಕಡೆ ಜಾಸ್ತಿ ಎಳೆದುಕೊಳ್ಳುತ್ತೆ. ಹೀಗಾಗಿ ಆ ತುದಿಗೆ ಸ್ವಲ್ಪ ಋಣ, ಜಲಜನಕದ ತುದಿಗೆ ಸ್ವಲ್ಪ ಧನ. ಪಕ್ಕದ ಅಣುವಿನ ಋಣದ ತುದಿ ಈ ಅಣುವಿನ ಧನದ ತುದಿಯನ್ನು ಸೆಳೆಯುತ್ತೆ. ಅಣು-ಅಣುವಿನ ನಡುವಿನ ಈ ನಂಟಿಗೆ ಹೈಡ್ರೋಜನ್ ಬಂಧ ಅಂತ ಹೆಸರು. (ಅಣುವಿನ ಒಳಗಿನ ಬಂಧವನ್ನೇ ಹೈಡ್ರೋಜನ್ ಬಂಧ ಅಂತ ಬರೆಯುವ ಮಕ್ಕಳು ಪ್ರತಿ ವರ್ಷ ಅರ್ಧ ಕ್ಲಾಸು ಇರ್ತಾರೆ. ಹೆಸರೇ ಹಾಗಿದೆ, ಪಾಪ ಅವರೇನು ಮಾಡ್ತಾರೆ.) ಒಳಗಿನ ಬಂಧ ಮುರಿಯಲು ಒಂದು ಮೋಲ್‌ಗೆ ಸುಮಾರು 463 ಕಿಲೋಜೂಲ್ ಬೇಕು. ಹೊರಗಿನ ಹೈಡ್ರೋಜನ್ ಬಂಧಕ್ಕೆ ಸುಮಾರು 20 ಸಾಕು.

ಈಗ ಅರಬ್ಬೀ ಸಮುದ್ರದ ಮೇಲೆ ಬಿಸಿಲು ಬೀಳುತ್ತೆ. ನೀರು ಆವಿ ಆಗಬೇಕಾದರೆ ಅಣುಗಳು ಒಂದರಿಂದ ಒಂದು ಬಿಡಿಸಿಕೊಳ್ಳಬೇಕು, ಅಂದ್ರೆ ಈ ಹೈಡ್ರೋಜನ್ ಬಂಧಗಳು ಮುರಿಯಬೇಕು. ಒಂದು ಕೆ.ಜಿ. ನೀರಿಗೆ ಸುಮಾರು 2.5 ಮೆಗಾಜೂಲ್ ಖರ್ಚು. ಆ ಖರ್ಚು ಕೊಡೋದು ಸೂರ್ಯ. ಮುರಿದಾಗ ಶಕ್ತಿ ಬರೋದಾಗಿದ್ದರೆ ಸಮುದ್ರ ಆವಿಯಾಗುತ್ತಾ ಆಗುತ್ತಾ ತಾನೇ ಕುದಿಯಬೇಕಿತ್ತು, ಹೌದಲ್ಲ?

ಆ ಆವಿ ಗಾಳಿಯ ಜೊತೆ ಬಂದು ಸಹ್ಯಾದ್ರಿಗೆ ತಗುಲಿ ಮೇಲೇರುತ್ತೆ, ತಣ್ಣಗಾಗಿ ಮತ್ತೆ ಹನಿ ಕಟ್ಟುತ್ತೆ. ಹನಿ ಕಟ್ಟೋದು ಅಂದ್ರೆ ಬಂಧಗಳು ಮತ್ತೆ ಕೂಡೋದು. ಆಗ ಕೆ.ಜಿ.ಗೆ ಅದೇ 2.5 ಮೆಗಾಜೂಲ್ ವಾಪಸ್. ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಅಂದ್ರೆ 1 ಕೆ.ಜಿ. ನೀರು. ಜುಲೈನಲ್ಲಿ ಕಣಕುಂಬಿಯಲ್ಲಿ ಒಂದೇ ದಿನ 100 ಮಿ.ಮೀ. ಬಿದ್ದರೆ ಅಲ್ಲಿಯವರು ಹುಬ್ಬೇರಿಸಲ್ಲ. 100 ಕೆ.ಜಿ. ನೀರು, 250 ಮೆಗಾಜೂಲ್. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳಬೇಕಂದ್ರೆ ಸುಮಾರು 70 ಯುನಿಟ್. ಒಂದೇ ಒಂದು ಚದರ ಮೀಟರಿನ ಮೇಲೆ, ಒಂದು ದಿನದಲ್ಲಿ! ಈ ಶಾಖ ಮೋಡದೊಳಗಿನ ಗಾಳಿಯನ್ನು ಬಿಸಿ ಮಾಡಿ ಇನ್ನೂ ಮೇಲಕ್ಕೆ ನೂಕುತ್ತೆ, ಮೋಡ ಇನ್ನೂ ಬೆಳೆಯುತ್ತೆ. ಮುಂಗಾರಿನ ಎಂಜಿನ್‌ಗೆ ಶಕ್ತಿ ಸಿಗೋದು ಬಹುಪಾಲು ಹೀಗೆ.

ಅಂದ್ರೆ ಕಣಕುಂಬಿಯ ಹುಡುಗಿ ಪ್ರತಿ ಜೂನ್ ತಿಂಗಳಿಂದ ನಾಲ್ಕು ತಿಂಗಳು "ಬಂಧ ಕೂಡಿದಾಗ ಶಕ್ತಿ ಬರುತ್ತೆ" ಅನ್ನೋ ಪಾಠವನ್ನು ತಲೆಯ ಮೇಲೆ ಸುರಿಸಿಕೊಂಡೇ ಬೆಳೆದಿರ್ತಾಳೆ. ಬೆಳಗಾವಿಗೆ ಬಂದು ಕ್ಲಾಸಿನಲ್ಲಿ ಕೂತಮೇಲೆ ನಾವು ಅವಳಿಗೆ ಇದರ ವಿರುದ್ಧ ಬರೆಸ್ತೀವಿ.

ಬೆವರಿನ ಉದಾಹರಣೆಯೂ ಇದೇ. ಒಂದು ಲೀಟರ್ ಬೆವರು ಮೈಮೇಲೆ ಆರಿದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಮೈಯಿಂದ ಹೊರಟುಹೋಗುತ್ತೆ. ಯಾಕೆ ತಂಪಾಯಿತು? ಬಂಧ ಮುರಿಯುವ ಖರ್ಚನ್ನು ನಮ್ಮ ಚರ್ಮ ಕೊಟ್ಟಿತು, ಅದಕ್ಕೆ. ಜೀವಶಾಸ್ತ್ರದ ಪುಸ್ತಕದಲ್ಲೇ ಇರುವ ವಿಷಯ. ಒಂದು ಪಾಠದಲ್ಲಿ ಬಂಧ ಮುರಿದರೆ ತಂಪು, ಇನ್ನೊಂದು ಪಾಠದಲ್ಲಿ ಬಂಧ ಮುರಿದರೆ ಶಕ್ತಿ!

*

"ಅದು ಬರೀ ಹೈಡ್ರೋಜನ್ ಬಂಧದ ಮಾತಾಯ್ತು, ಗಟ್ಟಿ ಬಂಧಗಳ ಕಥೆ ಬೇರೆ" ಅಂತ ಯಾರಾದರೂ ಹೇಳಬಹುದು. ಬೇರೆ ಏನಿಲ್ಲ. ಜಲಜನಕವನ್ನು ಉರಿಸಿದರೆ ನೀರಾಗುತ್ತೆ, ಭರ್ಜರಿ ಶಾಖ ಬರುತ್ತೆ. ಎಲ್ಲಿಂದ ಬಂತು?

ಎರಡು ಮೋಲ್ ಜಲಜನಕದ ಬಂಧ ಮುರಿಯಲು 436ರಂತೆ 872 ಕಿಲೋಜೂಲ್. ಒಂದು ಮೋಲ್ ಆಮ್ಲಜನಕದ ಬಂಧ ಮುರಿಯಲು 498. ಒಟ್ಟು ಖರ್ಚು 1370. ಆಮೇಲೆ ನೀರಿನ ನಾಲ್ಕು ಬಂಧ ಕೂಡುತ್ತವೆ, 463ರಂತೆ 1852 ಆದಾಯ. ಆದಾಯದಲ್ಲಿ ಖರ್ಚು ಕಳೆದರೆ 482 ಕಿಲೋಜೂಲ್ ಲಾಭ. ಉರಿ ಅಂದ್ರೆ ಈ ಲಾಭ. ಕಿರಾಣಿ ಅಂಗಡಿಯ ಲೆಕ್ಕ, ಕಷ್ಟ ಏನಿದೆ ಇದರಲ್ಲಿ? ಖರ್ಚನ್ನೇ ಆದಾಯ ಅಂತ ಬರೆದುಕೊಂಡ ಅಂಗಡಿಯವನು ಎಷ್ಟು ದಿನ ಅಂಗಡಿ ನಡೆಸ್ತಾನೆ?

ಕಟ್ಟಿಗೆ ಒಲೆಗೂ ಇದೇ ಲೆಕ್ಕ. "ಕಟ್ಟಿಗೆಯ ಬಂಧದೊಳಗೆ ಶಕ್ತಿ ತುಂಬಿಟ್ಟಿದೆ" ಅಂತೀವಿ. ಹಾಗಿದ್ದರೆ ಊದುಗೊಳವೆ ಯಾಕೆ ಬೇಕು? ಗಾಳಿ ತಾಗದ ಹಾಗೆ ಮಣ್ಣು ಮುಚ್ಚಿ ಸುಟ್ಟರೆ ಕಟ್ಟಿಗೆ ಇದ್ದಿಲಾಗಿ ಕೂರುತ್ತೆ, ಉರಿದು ಬೂದಿಯಾಗಲ್ಲ. ಆಮ್ಲಜನಕ ಬೇಕೇ ಬೇಕು. ಆಮ್ಲಜನಕದ ಜೋಡಿ ಬಂಧ ಜೋಡಿ ಬಂಧಗಳ ಪೈಕಿ ಸೋತದ್ದು, 498 ಕೊಟ್ಟರೆ ಬಿಡುತ್ತೆ. ಅದೇ ಆಮ್ಲಜನಕ ಇಂಗಾಲದ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆದಾಗ ಒಂದೊಂದು ಜೋಡಿ ಬಂಧಕ್ಕೆ ಸುಮಾರು 800 ಕೊಡುತ್ತೆ. ಸೋತ ಬಂಧ ಬಿಟ್ಟು ಗಟ್ಟಿ ಬಂಧ ಕಟ್ಟಿಕೊಳ್ಳೋದು, ನಡುವಿನ ವ್ಯತ್ಯಾಸ ಬಿಸಿಯಾಗಿ ಬರೋದು. ನಮ್ಮ ಜೀವಕೋಶದಲ್ಲಿ ಗ್ಲೂಕೋಸಿಗೆ ಆಗೋದೂ ಇದೇ, ಬೆಂಕಿ ಇಲ್ಲದೆ, ಮೆಟ್ಟಿಲು ಮೆಟ್ಟಿಲಾಗಿ. ಉಸಿರಾಟದ ಆಮ್ಲಜನಕ ಯಾಕೆ ಬೇಕು ಅಂತ ಕೇಳಿದರೆ "ಆಹಾರ ಸುಡಲು" ಅಂತ ಉತ್ತರ ಬರೆಯುವ ಮಗುವಿಗೆ ಸುಡೋದು ಅಂದ್ರೇನು ಅನ್ನೋದೇ ಗೊತ್ತಿಲ್ಲ. ಯಾಕಂದ್ರೆ ನಾವು ಶಕ್ತಿಯನ್ನು ಗ್ಲೂಕೋಸಿನ ಬಂಧದೊಳಗೆ ಬೀಗ ಹಾಕಿ ಇಟ್ಟುಬಿಟ್ಟಿದ್ದೀವಿ.

ಇನ್ನು ಎಟಿಪಿ. 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಅನ್ನೋ ವಿಜ್ಞಾನಿ ಫಾಸ್ಫೇಟಿನ ಕೆಲವು ಬಂಧಗಳನ್ನು ತೋರಿಸಲು ಒಂದು ಅಂಕುಡೊಂಕು ಗೆರೆ ಎಳೆದರು, ಶಕ್ತಿ ಹೆಚ್ಚಿರುವ ಫಾಸ್ಫೇಟ್ ಬಂಧ ಅನ್ನೋ ಮಾತು ಬಳಸಿದರು. ಅವರಿಗೆ ಬೇಕಾಗಿದ್ದು ಒಂದು ಸುಲಭದ ಗುರುತು. ಈ ಫಾಸ್ಫೇಟ್ ಬೇರೆ ಕಡೆ ದಾಟಿದರೆ ಒಟ್ಟಾರೆ ಲಾಭ ಜಾಸ್ತಿ, ಅಷ್ಟೇ. 1953ರಲ್ಲಿ ಅವರಿಗೆ ನೊಬೆಲ್ ಬಂತು, ಅವರ ಗೆರೆ ಪುಸ್ತಕಗಳಿಗೆ ಬಂತು, ಅರ್ಥ ಮಾತ್ರ ದಾರಿಯಲ್ಲೇ ಉಳಿಯಿತು.

ನಿಜವಾಗಿ ಏನಾಗುತ್ತೆ? ಎಟಿಪಿಯ ಬಾಲದಲ್ಲಿ ಮೂರು ಫಾಸ್ಫೇಟು, ಎಲ್ಲಕ್ಕೂ ಋಣ ವಿದ್ಯುದಂಶ. ಒಂದನ್ನೊಂದು ನೂಕುತ್ತಾ ಇಕ್ಕಟ್ಟಿನಲ್ಲಿ ಕೂತಿರ್ತವೆ, ಹಬ್ಬದ ದಿನದ ಖಾನಾಪುರ ಬಸ್ಸಿನ ಹಾಗೆ. ನೀರಿನ ಒಂದು ಅಣು ಬಂದು ಸೇರುತ್ತೆ. ಕೊನೆಯ ಫಾಸ್ಫೇಟಿನ ಬಂಧ ಮುರಿಯಲು ಶಕ್ತಿ ಖರ್ಚಾಗುತ್ತೆ, ಇಲ್ಲಿಯೂ ವಿನಾಯಿತಿ ಇಲ್ಲ. ಆದರೆ ನೀರಿನ ತುಂಡಿನ ಜೊತೆ ಹೊಸ ಬಂಧ ಕೂಡುತ್ತೆ, ಇಕ್ಕಟ್ಟು ಕಡಿಮೆಯಾಗುತ್ತೆ, ಬಿಡುಗಡೆಯಾದ ಫಾಸ್ಫೇಟಿನಲ್ಲಿ ಎಲೆಕ್ಟ್ರಾನುಗಳು ಆರಾಮಾಗಿ ಹರಡಿಕೊಳ್ತವೆ, ಸುತ್ತಲಿನ ನೀರು ಇಬ್ಬರನ್ನೂ ಚೆನ್ನಾಗಿ ಸುತ್ತುವರಿಯುತ್ತೆ. ಇದೆಲ್ಲದರ ಆದಾಯದಲ್ಲಿ ಖರ್ಚು ಕಳೆದು ಉಳಿಯೋದು ಮೋಲ್‌ಗೆ ಸುಮಾರು 30.5 ಕಿಲೋಜೂಲ್. ಒಬ್ಬ ಮನುಷ್ಯನ ಮೈಯಲ್ಲಿ ದಿನಕ್ಕೆ ಹೆಚ್ಚುಕಡಿಮೆ ಅವನ ತೂಕದಷ್ಟೇ ಎಟಿಪಿ ಹೀಗೆ ಆಗುತ್ತಾ ಹೋಗುತ್ತಾ ಇರುತ್ತೆ. ಇಷ್ಟು ದೊಡ್ಡ ವ್ಯವಹಾರವನ್ನು ಒಂದು ಸುಳ್ಳು ವಾಕ್ಯದಲ್ಲಿ ಮುಗಿಸಿಬಿಡ್ತೀವಲ್ಲ!

ಇನ್ನೂ ನಂಬಿಕೆ ಬರದಿದ್ದರೆ ಆರ್‌ಟಿ-ಪಿಸಿಆರ್ ನೆನಪಿಸಿಕೊಳ್ಳಿ. 2020ರಲ್ಲಿ ಕೊರೊನಾ ಬಂದಾಗ ಹಳ್ಳಿಹಳ್ಳಿಗೂ ಗೊತ್ತಾದ ಹೆಸರು. ಆ ಯಂತ್ರ ಮತ್ತೆ ಮತ್ತೆ ಡಿಎನ್‌ಎಯನ್ನು 95 ಡಿಗ್ರಿಯ ಆಸುಪಾಸಿಗೆ ಕಾಯಿಸುತ್ತೆ. ಎರಡು ಎಳೆಗಳ ನಡುವಿನ ಹೈಡ್ರೋಜನ್ ಬಂಧ ಬಿಡಿಸಬೇಕಲ್ಲ, ಅದಕ್ಕೆ. ಮುರಿದರೆ ಶಕ್ತಿ ಬರೋದಾಗಿದ್ದರೆ ಆ ಯಂತ್ರಕ್ಕೆ ಹೀಟರ್ ಯಾಕೆ ಸ್ವಾಮಿ?

*

ಇದೊಂದೇ ಸುಳ್ಳಾಗಿದ್ದರೆ ಸುಮ್ಮನಿರ್ತಿದ್ದೆ. ಇದಕ್ಕೆ ಒಬ್ಬ ಅಣ್ಣ ಇದ್ದಾನೆ: "ಸೋಡಿಯಂ ಎಲೆಕ್ಟ್ರಾನ್ ದಾನ ಮಾಡಲು ಬಯಸುತ್ತದೆ." ಸೋಡಿಯಂ ಏನು ಕರ್ಣನಾ? ಅದರ ಕೈಯಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳಲು ಮೋಲ್‌ಗೆ 496 ಕಿಲೋಜೂಲ್ ತೆರಬೇಕು. ಕ್ಲೋರಿನ್ ಅದನ್ನು ತೆಗೆದುಕೊಂಡು ವಾಪಸ್ ಕೊಡೋದು 349. ಇಷ್ಟರಲ್ಲೇ 147 ನಷ್ಟ! ವ್ಯಾಪಾರ ಲಾಭಕ್ಕೆ ತಿರುಗೋದು ಆಮೇಲೆ. ಧನ ಸೋಡಿಯಂ, ಋಣ ಕ್ಲೋರೈಡ್ ಎಲ್ಲ ಸೇರಿ ಹರಳಾಗಿ ಸಾಲುಗಟ್ಟಿದಾಗ 787 ಬರುತ್ತೆ. ಇಲ್ಲೂ ಲಾಭ ಬಂದಿದ್ದು ಕೂಡುವುದರಿಂದ.

ಈ ಉಪ್ಪಿನ ಬಗ್ಗೆ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇದು. "ಸರ, ಕೆಮಿಸ್ಟ್ರಿ ಗೈಡಿನ್ಯಾಗ ಅಯಾನಿಕ್ ಬಾಂಡ್ ಭಾಳ ಗಟ್ಟಿ ಅಂತ ಐತಿರಿ. ಬಯಾಲಜಿ ಗೈಡಿನ್ಯಾಗ ಅದನ್ನ ವೀಕ್ ಬಾಂಡ್ ಅಂತ ಬರ್ದಾರ. ಪರೀಕ್ಷಾದಾಗ ಯಾವುದು ಬರೀಬೇಕ್ರಿ?"

ಎಂಥಾ ಪ್ರಶ್ನೆ ನೋಡಿ! ಎರಡೂ ಗೈಡು ಸರಿ, ಆದರೆ ಎರಡರ ನಡುವೆ ಇರಬೇಕಾದ ಒಂದು ಸಾಲು ಎರಡರಲ್ಲೂ ಇಲ್ಲ. ಒಣ ಉಪ್ಪು ಕರಗಿ ದ್ರವ ಆಗಬೇಕಾದರೆ 801 ಡಿಗ್ರಿ ಬೇಕು, ಅಷ್ಟು ಗಟ್ಟಿ. ಅದೇ ಉಪ್ಪು ಸಾರಿನಲ್ಲಿ ಚಮಚ ಆಡಿಸುವಷ್ಟರಲ್ಲಿ ಮಾಯ. ನೀರಿನ ಅಣುಗಳು ತಮ್ಮ ಋಣದ ತುದಿಯಿಂದ ಸೋಡಿಯಂನ್ನೂ ಧನದ ತುದಿಯಿಂದ ಕ್ಲೋರೈಡನ್ನೂ ಮುತ್ತಿಕೊಂಡು, ಹರಳು ಒಡೆಯುವ 787ರ ಖರ್ಚನ್ನು ಬಹುತೇಕ ಪೂರ್ತಿ ತುಂಬಿಕೊಡ್ತವೆ. ಉಳಿದ ಮೂರ್ನಾಲ್ಕು ಕಿಲೋಜೂಲ್ ಕೊರತೆ ಸುತ್ತಲಿನ ಬಿಸಿಯಿಂದ ಬರುತ್ತೆ, ಕಣಗಳಿಗೆ ಚದುರಿಹೋಗಲು ದಾರಿ ಸಿಕ್ಕಿರೋದರಿಂದ ಅಷ್ಟು ಕೊರತೆ ಅಡ್ಡಿಯಾಗಲ್ಲ. ಜೀವಕೋಶದ ತುಂಬ ನೀರೇ. ಅದಕ್ಕೇ ಅಲ್ಲಿ ಅಯಾನಿಕ ಬಂಧ ಸಡಿಲ. "ಎಲ್ಲಿ?" ಅಂತ ಕೇಳದೆ "ಎಷ್ಟು ಗಟ್ಟಿ?" ಅಂತ ಕೇಳೋದೇ ತಪ್ಪು ಅಂತ ಆ ಹುಡುಗನಿಗೆ ಹೇಳಿದರೆ ಎರಡು ನಿಮಿಷದಲ್ಲಿ ಹೊಳೆಯಿತು.

ಇದಕ್ಕೂ ಕಣಕುಂಬಿಯೇ ಸಾಕ್ಷಿ. ಅಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಂಪು ಮಣ್ಣು ಯಾಕಿದೆ? ಲಕ್ಷಾಂತರ ವರ್ಷ ಸುರಿದ ಮಳೆ ಕಲ್ಲಿನೊಳಗಿನ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳನ್ನು ಮುತ್ತಿ ತೊಳೆದುಕೊಂಡು ಹೋಯಿತು, ಸಿಲಿಕಾವನ್ನೂ ನಿಧಾನಕ್ಕೆ ಒಯ್ದಿತು. ನೀರಿಗೆ ಬಗ್ಗದೆ ಉಳಿದದ್ದು ಆಮ್ಲಜನಕಕ್ಕೆ ಅಂಟಿ ಕೂತ ಕಬ್ಬಿಣ ಮತ್ತು ಅಲ್ಯುಮಿನಿಯಂ. ಕೆಂಪು ಬಣ್ಣ ಆ ಕಬ್ಬಿಣದ್ದು. ಈ ಕಬ್ಬಿಣ-ಅಲ್ಯುಮಿನಿಯಂ ಆಕ್ಸೈಡುಗಳು ಫಾಸ್ಫೇಟನ್ನು ಗಟ್ಟಿಯಾಗಿ ಹಿಡಿದುಕೊಳ್ತವೆ. ಹೊಲಕ್ಕೆ ಹಾಕಿದ ರಂಜಕದ ಗೊಬ್ಬರ ಮಣ್ಣಲ್ಲೇ ಇರುತ್ತೆ, ಬೇರಿಗೆ ಸಿಗಲ್ಲ. ಅದೇ ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಗಾಳಿ ಹೋಗದೆ ಕಬ್ಬಿಣ ಇನ್ನೊಂದು ಎಲೆಕ್ಟ್ರಾನ್ ತೆಗೆದುಕೊಂಡು ನೀರಿನಲ್ಲಿ ಕರಗುವ ರೂಪಕ್ಕೆ ಬರುತ್ತೆ, ಹಿಡಿದಿದ್ದ ಫಾಸ್ಫೇಟನ್ನು ಸ್ವಲ್ಪ ಬಿಡುತ್ತೆ, ಭತ್ತಕ್ಕೆ ಸಿಗುತ್ತೆ. ಇದು ಕೆಮಿಸ್ಟ್ರಿಯಾ, ಬಯಾಲಜಿಯಾ, ಅಪ್ಪನ ಗದ್ದೆಯಾ? ಮೂರೂ ಒಂದೇ ಅಂತ ತೋರಿಸಿದರೆ ಮಗು ಕಲಿಯಲ್ಲ ಅಂತೀರಾ?

*

ಈಗ ಬ್ಲಾಗಿಗ ಮಿತ್ರರಿಗೆ ಬರ್ತೀನಿ. ನಮ್ಮ ನಡುವೆ ಪದಗಳ ಜಗಳ ಹಳೆಯದು. "ಬಂಧ" ಅನ್ನಬೇಕೋ "ನಂಟು" ಅನ್ನಬೇಕೋ, ಸಹವೇಲೆನ್ಸೀಯವೋ ಕೋವೇಲೆಂಟೋ. ಜಗಳ ನಡೆಯಲಿ, ಅದರಿಂದ ಭಾಷೆ ಬೆಳೆಯುತ್ತೆ. ಆದರೆ ಪದದ ಒಳಗೆ ಕೂತ ಚಿತ್ರದ ಬಗ್ಗೆ ಯಾರೂ ಮಾತಾಡಲ್ಲ ಅನ್ನೋದು ನನ್ನ ಸಿಟ್ಟು.

"ಅಣು" ಅನ್ನೋ ಪದವನ್ನೇ ನೋಡಿ. ಪಠ್ಯಪುಸ್ತಕದಲ್ಲಿ ಪರಮಾಣು ಅಂದ್ರೆ ಅತಿ ಸಣ್ಣ ಘಟಕ, ಅಣು ಅಂದ್ರೆ ಪರಮಾಣುಗಳು ಕೂಡಿ ಆದದ್ದು. ಪೇಪರಿನಲ್ಲಿ ಮಾತ್ರ "ಅಣುಬಾಂಬ್", ಕೈಗಾದ್ದು "ಅಣು ವಿದ್ಯುತ್ ಸ್ಥಾವರ". ಹಾಗಾದ್ರೆ ಅಲ್ಲಿ ನೀರಿನ ಅಣು ಒಡೀತಾರಾ? ಇಷ್ಟೇ ಆಗಿದ್ದರೆ ಪರವಾಗಿಲ್ಲ. "ಅಣು ಒಡೆದರೆ ಅಪಾರ ಶಕ್ತಿ" ಅಂತ ಚಿಕ್ಕಂದಿನಿಂದ ಕೇಳಿದ ಮಗುವಿಗೆ "ಬಂಧ ಒಡೆದರೆ ಶಕ್ತಿ" ಅನ್ನೋದು ಸಹಜವಾಗಿ ಕೇಳಿಸುತ್ತೆ. ಈ ತಪ್ಪು ತಿಳುವಳಿಕೆಗೆ ಕನ್ನಡದಲ್ಲಿ ಪದವೇ ನೀರೆರೆದಿದೆ. ಕೈಗಾದಲ್ಲಿ ಒಡೆಯೋದು ಯುರೇನಿಯಂ ಪರಮಾಣುವಿನ ಬೀಜ, ಅಲ್ಲಿ ಬಂಧಗಳ ಮಾತೇ ಇಲ್ಲ. ಮತ್ತೆ ಅಲ್ಲಿಯೂ ಶಕ್ತಿ ಬರೋದು ಯಾಕೆ ಗೊತ್ತಾ? ಒಡೆದ ಚೂರುಗಳ ಒಳಗೆ ಕಣಗಳು ಮೊದಲಿಗಿಂತ ಬಿಗಿಯಾಗಿ ಕೂಡಿಕೊಂಡಿರ್ತವೆ, ಅದಕ್ಕೆ. ಲೆಕ್ಕ ಅಲ್ಲೂ ಅದೇ!

"ಆಮ್ಲಜನಕ" ಇನ್ನೊಂದು. ಆಮ್ಲಗಳೆಲ್ಲ ಇದರಿಂದಲೇ ಹುಟ್ಟುತ್ತವೆ ಅಂತ 18ನೇ ಶತಮಾನದಲ್ಲಿ ಲವಾಸಿಯೇ ಭಾವಿಸಿ ಇಟ್ಟ ಹೆಸರಿನ ಅನುವಾದ ಇದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಹೆಸರು ಬದಲಾಯಿಸಿ ಅಂತ ನಾನು ಹೇಳ್ತಾ ಇಲ್ಲ, ಹೆಸರು ಹೆಸರಾಗಿ ಇರಲಿ. ಹೆಸರಿನ ಹಿಂದಿನ ಕಥೆಯನ್ನೂ ಹೇಳಿ ಅಂತೀನಿ. ನನ್ನ ಮಟ್ಟಿಗೆ "ಬಂಧ"ದ ತೊಂದರೆ ಏನಂದ್ರೆ, ಅದು "ಬಂಧನ" ಅನ್ನಿಸುತ್ತೆ. ಕಟ್ಟಿಹಾಕಿದ್ದನ್ನು ಬಿಚ್ಚಿದರೆ ಒಳಗಿನದು ಚಿಮ್ಮುತ್ತೆ ಅನ್ನೋ ಚಿತ್ರ ಮೂಡುತ್ತೆ. "ನಂಟು" ಅಂದ್ರೆ ಚಿತ್ರ ಸರಿಯಾಗುತ್ತೆ. ನಂಟು ಬೆಳೆದರೆ ನೆಮ್ಮದಿ, ಕಡಿದುಕೊಳ್ಳಲು ಕಷ್ಟಪಡಬೇಕು. ನಾನು ಕ್ಲಾಸಿನಲ್ಲಿ ಹೇಳುವಾಗ ನಂಟು ಅಂತಲೇ ಹೇಳ್ತೀನಿ, ಬರೆಸುವಾಗ ಬಾಂಡ್ ಅಂತ ಬರೆಸ್ತೀನಿ. ಮರಾಠಿ ಮನೆಯ ಮಕ್ಕಳಿಗೆ ಅವರ ಮಾತಿನಲ್ಲಿ ನಾತಂ ಅಂತೀನಿ. ಇದರಿಂದ ಯಾವ ಭಾಷೆಯೂ ಮುಳುಗಿಲ್ಲ.

*

ಇಷ್ಟೆಲ್ಲ ಹೇಳಿದರೆ ಬರುವ ಉತ್ತರಗಳೂ ನನಗೆ ಗೊತ್ತು.

ಒಂದು: "ಅದು ಬರೀ ಮಾತಿನ ಸಂಕ್ಷೇಪ, ಬಯಾಲಜಿಯವರಿಗೆ ಒಳಗಿನ ಅರ್ಥ ಗೊತ್ತಿರುತ್ತೆ." ಸರಿ, ನಿಮಗೆ ಗೊತ್ತು. ಹದಿನಾರು ವರ್ಷದ ಹುಡುಗಿಗೆ ಗೊತ್ತಿಲ್ಲ. ಸಂಕ್ಷೇಪ ಅನ್ನೋದು ವಿವರ ಗೊತ್ತಿದ್ದವರಿಗೆ ಮಾತ್ರ ಸಂಕ್ಷೇಪ.

ಎರಡು: "ಸಿಲಬಸ್ ಮುಗಿಸಬೇಕು, ನೀಟ್ ಇದೆ, ಸಮಯ ಎಲ್ಲಿದೆ?" ಮೇಲಿನ ಲೆಕ್ಕ ಎಲ್ಲ ಎರಡು ಪೀರಿಯಡ್‌ನಲ್ಲಿ ಮುಗಿಯುತ್ತೆ. ಆ ಎರಡು ಪೀರಿಯಡ್ ಉಳಿಸಲು ಹೋಗಿ ಉಸಿರಾಟ, ದ್ಯುತಿಸಂಶ್ಲೇಷಣೆ, ಕಿಣ್ವ, ಪ್ರೋಟೀನು, ಡಿಎನ್‌ಎ ಎಲ್ಲವನ್ನೂ ಬಾಯಿಪಾಠ ಮಾಡಿಸ್ತೀವಲ್ಲ, ಅದಕ್ಕೆ ಎಷ್ಟು ಸಮಯ ಹೋಗುತ್ತೆ ಲೆಕ್ಕ ಹಾಕಿದ್ದೀರಾ?

ಮೂರು, ನನಗೆ ಅತಿ ಕೋಪ ಬರಿಸೋದು: "ಬಯಾಲಜಿ ಓದೋರಿಗೆ ಇಷ್ಟೆಲ್ಲ ಯಾಕೆ?" 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಪರಮಾಣುಗಳನ್ನು ಗಟ್ಟಿ ಗೋಲಿಗಳಂತೆ ಭಾವಿಸಿ, ಪ್ರೋಟೀನಿನ ಸರಪಣಿ ಯಾವ ಯಾವ ಕೋನಕ್ಕೆ ತಿರುಗಬಹುದು, ಎಲ್ಲಿ ಗೋಲಿಗೆ ಗೋಲಿ ತಗುಲುತ್ತೆ ಅಂತ ಲೆಕ್ಕ ಹಾಕಿದರು. ಆ ನಕ್ಷೆಯನ್ನು ಇವತ್ತಿಗೂ ಜಗತ್ತಿನಾದ್ಯಂತ ಬಳಸ್ತಾರೆ. ಮುಂದೆ ಅವರೇ ಬೆಂಗಳೂರಿನ ಐಐಎಸ್‌ಸಿಯಲ್ಲಿ ಮಾಲೆಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಜೀವದ ಆಕಾರ ಪರಮಾಣುಗಳ ಗಾತ್ರದಿಂದ, ಅವುಗಳ ನಂಟಿನಿಂದ ಬರುತ್ತೆ ಅಂತ ತೋರಿಸಿದವರು ನಮ್ಮ ಊರಲ್ಲೇ ಇದ್ದರು, ನಾವು ಮಾತ್ರ ಬಯಾಲಜಿ ಅಂದ್ರೆ ಚಿತ್ರ ಬರೆದು ಭಾಗ ಗುರುತಿಸೋದು ಅಂತೀವಿ.

ಎಲ್ಲರೂ ವಿಜ್ಞಾನಿ ಆಗಲ್ಲ, ನಿಜ. ನನ್ನ ಮಕ್ಕಳಲ್ಲಿ ಕೆಲವರು ನರ್ಸ್ ಆಗ್ತಾರೆ, ಕೆಲವರು ಲ್ಯಾಬ್ ಟೆಕ್ನಿಷಿಯನ್, ಕೆಲವರು ಊರಿಗೆ ವಾಪಸ್ ಹೋಗಿ ಗದ್ದೆ ನೋಡಿಕೊಳ್ತಾರೆ. ಅವರೆಲ್ಲರ ಮನೆ ಬಾಗಿಲಿಗೆ ನಾಳೆ ಒಬ್ಬ ಬರ್ತಾನೆ, "ನಮ್ಮ ಮೆಷಿನ್ ನೀರಿನ ಅಣುಗಳನ್ನು ವಿಶೇಷ ರೀತಿಯಲ್ಲಿ ಜೋಡಿಸುತ್ತೆ, ಈ ನೀರು ಕುಡಿದರೆ ಶುಗರ್ ವಾಸಿ" ಅಂತ. ದ್ರವ ನೀರಿನಲ್ಲಿ ಒಂದು ಹೈಡ್ರೋಜನ್ ಬಂಧದ ಆಯಸ್ಸು ಹೆಚ್ಚುಕಡಿಮೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ. ಜೋಡಿಸಿದ್ದು ಲೋಟಕ್ಕೆ ಬೀಳೋದರೊಳಗೆ ಲೆಕ್ಕವಿಲ್ಲದಷ್ಟು ಸಲ ಬಿಚ್ಚಿ ಕೂಡಿರುತ್ತೆ! ಇದು ಗೊತ್ತಿದ್ದ ಹುಡುಗಿ ನಕ್ಕು ಅವನನ್ನು ಕಳಿಸ್ತಾಳೆ. ಗೊತ್ತಿಲ್ಲದವಳ ಅಪ್ಪ ಸಾಲ ಮಾಡಿ ಮೆಷಿನ್ ಕೊಳ್ತಾನೆ. ಪಣಕ್ಕಿರೋದು ಒಂದು ಮಾರ್ಕ್ ಅಲ್ಲ ಸ್ವಾಮಿ.

ಇನ್ನೂ ಒಂದು ನಷ್ಟ ಇದೆ, ಅದು ಯಾವ ಪಟ್ಟಿಯಲ್ಲೂ ಕಾಣಲ್ಲ. ಬುದ್ಧಿ ಇರುವ ಮಗು ಈ ಸುಳ್ಳು ವಾಕ್ಯವನ್ನು ಓದಿ "ಇದು ಕೂಡಿಬರ್ತ್ತಿಲ್ಲವಲ್ಲ" ಅಂದುಕೊಳ್ಳುತ್ತೆ. ಪೇಟೆಯ ಮಗು ಕೇಳುತ್ತೆ, ಯೂಟ್ಯೂಬ್ ನೋಡುತ್ತೆ. ಘಟ್ಟದ ಹಳ್ಳಿಯಿಂದ ಬಸ್ ಹತ್ತಿ ಬಂದ, ಇಂಗ್ಲಿಷಿಗೆ ಹೆದರಿದ ಮಗು "ತಪ್ಪು ನನ್ನ ತಲೆಯಲ್ಲೇ ಇರಬೇಕು" ಅಂತ ಸುಮ್ಮನಾಗುತ್ತೆ. ಆಮೇಲೆ ಆರ್ಟ್ಸ್‌ಗೆ ಹೋಗುತ್ತೆ. ಆರ್ಟ್ಸ್ ಇಷ್ಟಪಟ್ಟು ಹೋದರೆ ಸಂತೋಷ, ಹೀಗೆ ಓಡಿಹೋಗೋದು ನೋಡಿದರೆ ಹೊಟ್ಟೆ ಉರಿಯುತ್ತೆ.

*

ನನ್ನ ಬೇಡಿಕೆ ಸಣ್ಣದು. ಆ ಎರಡನೇ ವಾಕ್ಯ ಹೊಡೆದುಹಾಕಿ ಹೀಗೆ ಬರೆಸಿ: "ಎಟಿಪಿ ನೀರಿನೊಡನೆ ಸೇರಿ ಎಡಿಪಿ ಮತ್ತು ಫಾಸ್ಫೇಟ್ ಆದಾಗ, ಹಳೆಯ ಬಂಧ ಮುರಿಯಲು ಹೋದ ಶಕ್ತಿಗಿಂತ ಹೊಸ ಬಂಧ ಮತ್ತು ಹೊಸ ಸ್ಥಿತಿಯಿಂದ ಬಂದ ಶಕ್ತಿ ಹೆಚ್ಚು. ಆ ವ್ಯತ್ಯಾಸ ಕೋಶಕ್ಕೆ ಸಿಗುತ್ತದೆ." ಉದ್ದ ಸ್ವಲ್ಪ ಜಾಸ್ತಿ, ಆದರೆ ಸತ್ಯ. ಮೇಷ್ಟ್ರುಗಳೇ, ಬಂಧದ ಪಾಠವನ್ನು ಬೋರ್ಡಿನ ವೃತ್ತಗಳಿಂದ ಶುರು ಮಾಡಬೇಡಿ, ಮಳೆಯಿಂದ ಶುರು ಮಾಡಿ. ಉಪ್ಪು, ಒಲೆ, ಬೆವರು, ಕೆಂಪು ಮಣ್ಣು, ಎಲ್ಲ ಬಿಟ್ಟಿ ಸಿಗುವ ಸಾಮಾನು.

ಬ್ಲಾಗಿಗರೇ, 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರಂಥವರು "ವಿಜ್ಞಾನ" ಅಂತ ಕನ್ನಡದಲ್ಲಿ ಮಾಸಪತ್ರಿಕೆ ತಂದಿದ್ದರು. ಅವರಿಗೆ ಅಚ್ಚಿನ ಮೊಳೆ, ಕಾಗದ, ಚಂದಾದಾರರು ಎಲ್ಲದಕ್ಕೂ ಪರದಾಟ. ನಮಗೆ ಯುನಿಕೋಡ್ ಬಿಟ್ಟಿ, ಜಾಗ ಬಿಟ್ಟಿ. ನಿಮ್ಮ ಊರಿನ ಕಲ್ಲು, ನೀರು, ಅಡುಗೆ, ಮಣ್ಣು ಇವುಗಳಲ್ಲಿ ಪರಮಾಣುಗಳು ಹೇಗೆ ಕೂಡಿವೆ ಅಂತ ಒಂದೊಂದು ಬರಹ ಬರೆಯಿರಿ. ಕರಾವಳಿಯವರು ಉಪ್ಪಿನಾಗರದ ಬಗ್ಗೆ, ಮಂಡ್ಯದವರು ಬೆಲ್ಲದ ಬಗ್ಗೆ, ಬಳ್ಳಾರಿಯವರು ಅದಿರಿನ ಬಗ್ಗೆ. ಕಣಕುಂಬಿ ಮಳೆಯನ್ನು ನಾನು ಬುಕ್ ಮಾಡಿಬಿಟ್ಟಿದ್ದೀನಿ :)

ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಇವತ್ತೇ ಕೇಳಿ ನೋಡಿ: ಬಂಧ ಮುರಿದಾಗ ಶಕ್ತಿ ಬರುತ್ತಾ, ಹೋಗುತ್ತಾ? ಉತ್ತರ ಏನು ಬಂತು ಅಂತ ನನಗೂ ತಿಳಿಸಿ. ಎಷ್ಟು ಮನೆಗಳಲ್ಲಿ "ಬರುತ್ತೆ" ಅಂತಾರೋ ಲೆಕ್ಕ ಇಡೋಣ.